ಕಾರ್ ಪಾಲಿಷ್, ಸ್ವರ್ಲ್ ಗೀರು ಮತ್ತು ಬಿಸಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಮೆಷಿನ್ ಸದ್ದು ಕೇಳಿಸಿದರೆ ಸಾಕು, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ನಾನು ಪಾಲಿಷ್ ಅಂಗಡಿ ಇಟ್ಟವನಲ್ಲ. ನಮ್ಮ ಮನೆಯ ಕಾರಿಗೆ, ನೆಂಟರ ಕಾರುಗಳಿಗೆ ವರ್ಷಗಳಿಂದ ನಾನೇ ಕೈಯಾರೆ ಮಾಡುತ್ತ ಬಂದಿದ್ದೇನೆ, ಅಷ್ಟೇ. ಅಲ್ಲಿ ನಿಂತು ಕೇಳಿದವರು, ಫೋನಿನಲ್ಲಿ ಫೋಟೋ ಕಳಿಸಿ ಕೇಳಿದವರು, ಊರಿಂದ ಪತ್ರ ಬರೆದು ಕೇಳಿದ ನಮ್ಮ ಸೋದರಮಾವ, ಎಲ್ಲರ ಪ್ರಶ್ನೆಗಳನ್ನೂ ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ನೆರಳಲ್ಲಿ ಕಾರು ಕನ್ನಡಿ ಥರ ಇರುತ್ತೆ. ಬಿಸಿಲಿಗೆ ತಂದ ತಕ್ಷಣ ಬಾನೆಟ್ ತುಂಬ ಜೇಡರ ಬಲೆ. ಯಾಕೆ ಹೀಗೆ?

ಗೀರುಗಳು ನೆರಳಿನಲ್ಲೂ ಅಲ್ಲೇ ಇರುತ್ತವೆ. ನೆರಳಿನಲ್ಲಿ ಬೆಳಕು ಎಲ್ಲ ದಿಕ್ಕಿನಿಂದಲೂ ಹರಡಿಕೊಂಡು ಬರುವುದರಿಂದ ಗೀರಿಗೂ ಅದರ ಪಕ್ಕದ ನುಣುಪು ಜಾಗಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸೂರ್ಯನ ಬೆಳಕು ಒಂದೇ ಬಿಂದುವಿನಿಂದ ಬಂದು ಬೀಳುತ್ತದೆ. ಗೀರಿನ ಅಂಚು ಅದನ್ನು ಹಿಡಿದು ನೇರ ನಮ್ಮ ಕಣ್ಣಿಗೆ ಎಸೆಯುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸ್ವರ್ಲ್ ಎಂದು ಕರೆಯುವ ಈ ಗೀರುಗಳು ನಿಜವಾಗಿ ಸುತ್ತುಸುತ್ತಾಗಿ ಇರುವುದಿಲ್ಲ. ಅಡ್ಡ, ಉದ್ದ, ಓರೆ, ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಪ್ರತಿಬಿಂಬದ ಸುತ್ತ ಬಳೆಯ ಹಾಗೆ ಬಾಗಿ ನಿಂತಂತೆ ಇರುವ ಗೀರುಗಳು ಮಾತ್ರ ಆ ಹೊತ್ತಿಗೆ ಹೊಳೆಯುತ್ತವೆ, ಉಳಿದವು ಮರೆಯಾಗುತ್ತವೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನೋಡಿ, ಆ ಬಲೆಯೂ ನಿಮ್ಮ ಜೊತೆಗೇ ಸರಿಯುತ್ತದೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಬಿಳಿ ಮತ್ತು ಸಿಲ್ವರ್ ಕಾರುಗಳಲ್ಲಿ ಅಷ್ಟೇ ಗೀರುಗಳಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಗೀರು ಎಲ್ಲಿಂದ ಬಂತು? ದಿನಾ ಬೆಳಿಗ್ಗೆ ಹುಡುಗ ಬಂದು ಒರೆಸ್ತಾನಲ್ಲ?

ಹೆಚ್ಚಿನವು ಆ ಒರೆಸುವುದರಿಂದಲೇ ಬಂದವು. ರಾತ್ರಿ ಕೂತ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಒಂದೇ ಬಕೆಟ್ ನೀರಿನಲ್ಲಿ ಹತ್ತು ಕಾರು ಒರೆಸಿದ ಬಟ್ಟೆಯಲ್ಲಿ ಆ ಹತ್ತು ಕಾರಿನ ಮರಳೂ ಇರುತ್ತದೆ. ಒಣ ಧೂಳಿನ ಮೇಲೆ ಹಳದಿ ಬಟ್ಟೆ ಎಳೆದರೂ ಆಗುವುದು ಇದೇ. ಆ ಹುಡುಗನ ತಪ್ಪೇನೂ ಇಲ್ಲ, ನಾವು ಕೊಟ್ಟ ಬಟ್ಟೆ, ನಾವು ಕೊಟ್ಟ ಅರ್ಧ ಬಕೆಟ್ ನೀರು ಅದು. ನಾನು ನಮ್ಮ ಕಾರಿಗೆ ದಿನಾ ಒರೆಸುವುದನ್ನೇ ನಿಲ್ಲಿಸಿದೆ, ಗಾಜು ಮಾತ್ರ ಒರೆಸಿದರೆ ಸಾಕು ಎಂದು ಹೇಳಿದೆ. ವಾರಕ್ಕೊಮ್ಮೆ ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಿ, ಆಮೇಲೆ ಎರಡು ಬಕೆಟ್ ಇಟ್ಟುಕೊಂಡು ತೊಳೆಯುತ್ತೇನೆ: ಒಂದು ಶಾಂಪೂ ನೀರಿಗೆ, ಇನ್ನೊಂದು ಕೊಳೆಯಾದ ಬಟ್ಟೆ ಜಾಲಿಸುವುದಕ್ಕೆ. ಧೂಳು ಕೂತ ಮಾತ್ರಕ್ಕೆ ಬಣ್ಣಕ್ಕೆ ಏನೂ ಆಗುವುದಿಲ್ಲ, ಆ ಧೂಳನ್ನು ಉಜ್ಜಿದಾಗ ಆಗುತ್ತದೆ.

ಪಾಲಿಷ್, ವ್ಯಾಕ್ಸ್, ಕಾಂಪೌಂಡ್ ಎಲ್ಲಾ ಒಂದೇ ತಾನೇ?

ಅಂಗಡಿಯಲ್ಲಿ ಎಲ್ಲಕ್ಕೂ 'ಪಾಲಿಷ್' ಎನ್ನುತ್ತಾರೆ, ಗೊಂದಲ ಶುರುವಾಗುವುದು ಅಲ್ಲೇ. ಕಾಂಪೌಂಡ್ ಮತ್ತು ಪಾಲಿಷ್ ಎರಡರಲ್ಲೂ ಉಜ್ಜುವ ಪುಡಿ ಇರುತ್ತದೆ, ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್. ಕಾಂಪೌಂಡಿನದು ತರಿ, ಪಾಲಿಷಿನದು ನುಣುಪು. ವ್ಯಾಕ್ಸ್ ಬಣ್ಣವನ್ನು ಕಾಯುವ ಪದರ, ಅದು ಏನನ್ನೂ ಉಜ್ಜುವುದಿಲ್ಲ. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಕಾರ್ನುಬಾ ಮೇಣವೇ ಅದರಲ್ಲಿ ಹೆಸರುವಾಸಿ. ಗ್ಲೇಜ್ ಎನ್ನುವುದು ಮೂರನೆಯದು: ಎಣ್ಣೆ ಮತ್ತು ತುಂಬುವ ಪದಾರ್ಥಗಳಿಂದ ಗೀರಿನ ಗುಂಡಿಯನ್ನು ತುಂಬಿ ಹೊಳಪು ಕೊಡುವಂಥದ್ದು. ಈ ಮೂರನ್ನೂ ಸ್ವಲ್ಪಸ್ವಲ್ಪ ಬೆರೆಸಿದ ಆಲ್-ಇನ್-ಒನ್ ಡಬ್ಬಿಗಳೂ ಬರುತ್ತವೆ, ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಸಿಗುವುದು ಬಹುಪಾಲು ಅವೇ.

## ತೆಗೆಯುವುದು, ಮುಚ್ಚುವುದು

ನೇರವಾಗಿ ಹೇಳಿ, ಪಾಲಿಷ್ ಹಾಕಿದ್ರೆ ಸ್ವರ್ಲ್ ಹೋಗುತ್ತಾ, ಇಲ್ಲ ಬರೀ ಮುಚ್ಚಿಹೋಗುತ್ತಾ?

ಎರಡೂ ಆಗುತ್ತವೆ. ಯಾವುದು ಎಷ್ಟು ಎನ್ನುವುದು ಡಬ್ಬಿಯೊಳಗೆ ಏನಿದೆ, ಎಷ್ಟು ಹೊತ್ತು ಹೇಗೆ ಉಜ್ಜಿದಿರಿ ಎನ್ನುವುದರ ಮೇಲೆ ನಿಂತಿದೆ.

ಗೀರು ಎಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ ಆದ ಸಣ್ಣ ಕಾಲುವೆ. ಅದನ್ನು ನಿಜವಾಗಿ ತೆಗೆಯಲು ಇರುವುದು ಒಂದೇ ದಾರಿ: ಸುತ್ತಲಿನ ಮೇಲ್ಮೈಯನ್ನು ಆ ಕಾಲುವೆಯ ತಳದ ಮಟ್ಟಕ್ಕೆ ಇಳಿಸುವುದು. ಹೊಲದ ತಗ್ಗನ್ನು ಸರಿಮಾಡಲು ದಿಬ್ಬವನ್ನೆಲ್ಲ ಕೆರೆದ ಹಾಗೆ. ಮುಚ್ಚುವುದೆಂದರೆ ತಗ್ಗಿಗೆ ಬೇರೆ ಮಣ್ಣು ತುಂಬಿದ ಹಾಗೆ. ಮಟ್ಟ ಸರಿಹೋಯಿತು ಅನಿಸುತ್ತದೆ, ನಾಲ್ಕು ಮಳೆ ಬಂದರೆ ತುಂಬಿದ ಮಣ್ಣು ಕೊಚ್ಚಿಹೋಗುತ್ತದೆ.

ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್‌ನಂಥವು ಉಜ್ಜಿ ತೆಗೆಯುವ ಕಡೆಯವು. ಅದೇ ಕಂಪನಿಯ ನಂಬರ್ 7 ಶೋ ಕಾರ್ ಗ್ಲೇಜ್ ಎಣ್ಣೆಯಿಂದ ಹೊಳಪು ಕೊಡುವಂಥದ್ದು, ಅದು ಗೀರನ್ನು ತೆಗೆಯುವುದಿಲ್ಲ. ಇಂಗ್ಲೆಂಡಿನ ಆಟೋಗ್ಲಿಮ್ ಸೂಪರ್ ರೆಸಿನ್ ಪಾಲಿಷ್ ನಡುವಿನದು: ಸ್ವಲ್ಪ ಉಜ್ಜುತ್ತದೆ, ಸಾಕಷ್ಟು ಮುಚ್ಚುತ್ತದೆ. ಕೈಯಲ್ಲಿ ಹಚ್ಚಿ ಐದು ನಿಮಿಷಕ್ಕೆ ಒರೆಸಿದಾಗ ಗೀರು ಮಾಯವಾಯಿತು ಅನಿಸಿದರೆ, ಅದು ಮುಚ್ಚಿಹೋಗಿದೆ ಎಂದೇ ತಿಳಿಯಿರಿ.

ಮುಚ್ಚೋದು ಅಂದ್ರೆ ಮೋಸ ಅಲ್ವಾ ಹಾಗಾದ್ರೆ?

ಹೇಳದೆ ಮುಚ್ಚಿ, ತೆಗೆದಿದ್ದೇನೆ ಎಂದು ದುಡ್ಡು ಇಸಿದುಕೊಂಡರೆ ಮೋಸ. ತಿಳಿದು ಮುಚ್ಚಿದರೆ ಅದು ಜಾಣತನ. ಕ್ಲಿಯರ್ ಕೋಟ್ ಕರಗಿಹೋದರೆ ಮತ್ತೆ ಬೆಳೆಯುವುದಿಲ್ಲ. ಹತ್ತು ವರ್ಷ ಹಳೆಯ ಕಾರು, ಈಗಾಗಲೇ ಎಷ್ಟು ಸಲ ರಬ್ಬಿಂಗ್ (ಕಾಂಪೌಂಡ್ ಹಾಕಿ ಉಜ್ಜುವುದು) ಆಗಿದೆಯೋ ಗೊತ್ತಿಲ್ಲ, ದಿನಾ ರಸ್ತೆಯಲ್ಲೇ ನಿಲ್ಲುತ್ತದೆ. ಅಂಥ ಕಾರಿಗೆ ನಾನು ಮನಸ್ಸಿಟ್ಟು ಹೇಳುವುದು ಮುಚ್ಚುವ ಪಾಲಿಷನ್ನೇ. ಇರುವ ಪದರವನ್ನು ಉಳಿಸಿಕೊಳ್ಳುವುದು ಎರಡು ತಿಂಗಳ ಹೊಳಪಿಗಿಂತ ದೊಡ್ಡದು.

ಶೋರೂಮಲ್ಲಿ ಪಾಲಿಷ್ ಮಾಡಿಸಿದೆ. ಅವರು ತೆಗೆದಿದ್ದಾರೋ ಮುಚ್ಚಿದ್ದಾರೋ ನನಗೆ ಹೇಗೆ ಗೊತ್ತಾಗಬೇಕು?

ಸುಲಭದ ಪರೀಕ್ಷೆ ಇದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ನೀರು ನಾಲ್ಕು ಪಾಲು ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿ. ಕಾರು ತೊಳೆದು ಆರಿದ ಮೇಲೆ, ನೆರಳಿನಲ್ಲಿ, ತಣ್ಣಗಿರುವ ಬಾನೆಟ್‌ನ ಒಂದು ಮೂಲೆಗೆ ಚಿಮುಕಿಸಿ, ಅರ್ಧ ನಿಮಿಷ ಬಿಟ್ಟು ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಎರಡು ಸಲ ಮಾಡಿ. ಆಮೇಲೆ ಆ ಮೂಲೆಯನ್ನು ಬಿಸಿಲಿನಲ್ಲೋ ಮೊಬೈಲ್ ಟಾರ್ಚ್ ಕೆಳಗೋ ನೋಡಿ, ಪಕ್ಕದ ಜಾಗದೊಂದಿಗೆ ಹೋಲಿಸಿ. ಒರೆಸಿದ ಕಡೆ ಗೀರು ಮರಳಿ ಬಂದಿದ್ದರೆ ಅಲ್ಲಿ ತುಂಬಿದ್ದ ಎಣ್ಣೆ ಈಗ ಹೋಗಿದೆ. ಎರಡೂ ಕಡೆ ಒಂದೇ ಥರ ನುಣುಪಾಗಿದ್ದರೆ ಕೆಲಸ ಬಹುಮಟ್ಟಿಗೆ ನಿಜವಾದದ್ದು. ಗೀರು ತುಂಬುವ ಕೆಲವು ಪಾಲಿಮರ್‌ಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ, ಆದ್ದರಿಂದ ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಹಾಕಿಸಿದ ವ್ಯಾಕ್ಸ್ ಕೂಡ ಈ ಮೂಲೆಯಲ್ಲಿ ಹೋಗಿರುತ್ತದೆ, ಮತ್ತೆ ಹಚ್ಚಿಬಿಡಿ.

ಆಯುಧಪೂಜೆಗೆ ನಾಲ್ಕೇ ದಿನ ಇದೆ. ಏನು ಮಾಡಿದ್ರೆ ಕಾರು ಲಕಲಕ ಅನ್ನುತ್ತೆ?

ನಾಲ್ಕು ದಿನದಲ್ಲಿ ಕಾಂಪೌಂಡಿಗೆ ಕೈಹಾಕಬೇಡಿ. ಚೆನ್ನಾಗಿ ತೊಳೆದು, ಆಲ್-ಇನ್-ಒನ್ ಪಾಲಿಷ್ ಹಚ್ಚಿ, ಅದರ ಮೇಲೆ ವ್ಯಾಕ್ಸ್ ಹಾಕಿ. ಆ ವ್ಯಾಕ್ಸ್ ಪೂಜೆಗೂ ಉಪಕಾರ: ಗಂಧ, ಕುಂಕುಮ, ಚೆಂಡುಹೂವಿನ ರಸ ನೇರ ಬಣ್ಣಕ್ಕೆ ಇಳಿಯುವುದಿಲ್ಲ. ಬಾಳೆಕಂದು ಕಟ್ಟುವಾಗ ಕಾರಿನ ಮೈಗೆ ಉಜ್ಜದಂತೆ ನಡುವೆ ಬಟ್ಟೆ ಇಡಿ, ಟೇಪ್ ಅಂಟಿಸಬೇಕಾದರೆ ಗಾಜಿಗೆ ಅಂಟಿಸಿ. ಮರುದಿನ ಒಣಗಿದ ಕುಂಕುಮವನ್ನು ಕೈಯಿಂದ ತಿಕ್ಕಬೇಡಿ, ನೀರು ಹಾಯಿಸಿ ಇಳಿಸಿ.

## ಬಿಸಿಲಿನ ಪ್ರಶ್ನೆಗಳು

ನಮ್ಮನೇಲಿ ಶೆಡ್ ಇಲ್ಲ ಸಾರ್, ರಸ್ತೇಲೇ ನಿಲ್ಸೋದು. ಬಿಸಿಲಲ್ಲೇ ಪಾಲಿಷ್ ಮಾಡಬಹುದಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಿಸಿಲಿಗಿಂತ ಹೆಚ್ಚು ಕೆಡಿಸುವುದು ಲೋಹದ ಕಾವು. ಬೇಸಿಗೆಯ ಮಧ್ಯಾಹ್ನ ಕಪ್ಪು ಬಾನೆಟ್ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಕ್ಕದ ಬಿಳಿ ಕಾರನ್ನು ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅಷ್ಟು ಕಾದ ತಗಡಿನ ಮೇಲೆ ಪಾಲಿಷ್ ಹಾಕಿದರೆ ಅದರಲ್ಲಿರುವ ನೀರು ಮತ್ತು ದ್ರಾವಕ ಕ್ಷಣದಲ್ಲಿ ಆವಿಯಾಗುತ್ತವೆ. ಜಾರುವಿಕೆ ಹೋದ ಮೇಲೆ ಉಳಿಯುವುದು ಒಣ ಪುಡಿ. ಹಳೆಯ ಬಗೆಯ ಪಾಲಿಷ್‌ಗಳಲ್ಲಿ ಉಜ್ಜುತ್ತ ಹೋದಂತೆ ಪುಡಿ ಒಡೆದು ನುಣ್ಣಗಾಗಬೇಕು. ಒಡೆಯುವ ಮೊದಲೇ ಒಣಗಿದರೆ ತರಿಯಾಗಿಯೇ ಉಳಿದು ಹೊಸ ಗೀರು ಹಾಕುತ್ತದೆ. ಕಾವಿಗೆ ಕ್ಲಿಯರ್ ಕೋಟ್ ಕೂಡ ಮೆದುವಾಗುತ್ತದೆ, ಮೆಷಿನ್ ಅದಕ್ಕೆ ಇನ್ನಷ್ಟು ಬಿಸಿ ಸೇರಿಸುತ್ತದೆ.

ಇದನ್ನು ನಾನು ಕಲಿತದ್ದು ರಾಯಚೂರಿನಲ್ಲಿ, ಒಂದು ಏಪ್ರಿಲ್‌ನಲ್ಲಿ, ತಮ್ಮನ ಕಡುನೀಲಿ ಕಾರಿನ ಮೇಲೆ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿದೆ. ಅರ್ಧ ಬಾನೆಟ್ ಮುಗಿಯುವಷ್ಟರಲ್ಲಿ ಪಾಲಿಷ್ ಸುಣ್ಣದ ಹಾಗೆ ಕಚ್ಚಿಕೊಂಡಿತು. ಅದನ್ನು ತೆಗೆಯಲು ಒಣ ಬಟ್ಟೆಯಿಂದ ಒತ್ತಿ ಉಜ್ಜಿದ್ದರಿಂದ ಮೊದಲಿಗಿಂತ ಹೆಚ್ಚು ಗೀರುಗಳಾದವು. ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್‌ಗೆ ಬಿಳಿ ಕಲೆ ಹಿಡಿಯಿತು. ಸರಿಪಡಿಸಲು ಎರಡು ಸಂಜೆ ಬೇಕಾಯಿತು, ತಮ್ಮ ಒಂದು ಮಾತೂ ಆಡಲಿಲ್ಲ. ಆ ಬೇಜಾರು ಇನ್ನೂ ನನ್ನಲ್ಲಿದೆ.

ಶೆಡ್ ಇಲ್ಲದವರು ಹೀಗೆ ಮಾಡಬಹುದು. ಬೆಳಿಗ್ಗೆ ಆರರಿಂದ ಎಂಟರೊಳಗೆ ಕೆಲಸ ಮಾಡಿ. ರಾತ್ರಿಯೆಲ್ಲ ಆರಿದ ತಗಡು ಆಗ ತಣ್ಣಗಿರುತ್ತದೆ. ಸಂಜೆ ಮಾಡುವುದಾದರೆ ಬಿಸಿಲು ಇಳಿದ ಮೇಲೂ ಒಂದು ಗಂಟೆ ಕಾಯಿರಿ, ಎಂಜಿನ್ ಓಡಿಸಿ ಬಂದಿದ್ದರೆ ಬಾನೆಟ್ಟನ್ನು ಕೊನೆಗೆ ಇಟ್ಟುಕೊಳ್ಳಿ. ಅಂಗೈಯ ಹಿಂಬದಿಯನ್ನು ತಗಡಿನ ಮೇಲೆ ಇಟ್ಟು ಹತ್ತು ಎಣಿಸಿ. ಆರಾಮವಾಗಿ ಇಡಲು ಆಗದಿದ್ದರೆ ಆ ಭಾಗ ಇನ್ನೂ ಪಾಲಿಷ್‌ಗೆ ಸಿದ್ಧವಾಗಿಲ್ಲ. ಒಂದೇ ದಿನ ಇಡೀ ಕಾರು ಮುಗಿಸಬೇಕೆಂಬ ಹಟವನ್ನೂ ಬಿಡಿ; ಇವತ್ತು ಎರಡು ಡೋರ್, ಮುಂದಿನ ಭಾನುವಾರ ಡಿಕ್ಕಿ.

ಡಬ್ಬಿ ಮೇಲೆ 'ನೇರ ಬಿಸಿಲಲ್ಲೂ ಬಳಸಬಹುದು' ಅಂತ ಇದೆ. ನಂಬಬಹುದಾ?

ಅಂಥವು ನಿಜವಾಗಿಯೂ ಇವೆ. ಅಮೆರಿಕದ ಪೂರ್‌ಬಾಯ್ಸ್ ವರ್ಲ್ಡ್ ಕಂಪನಿಯ ಸೂಪರ್ ಸ್ವರ್ಲ್ ರಿಮೂವರ್ ಸಾಲು ಹೆಸರು ಮಾಡಿದ್ದೇ ಆ ಕಾರಣಕ್ಕೆ. ಬೇಗ ಆರದ ಎಣ್ಣೆ ಹೆಚ್ಚಿದ್ದರೆ ಪಾಲಿಷ್ ಬಿಸಿಲಿನಲ್ಲಿ ತುಸು ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಸುಲಭವಾಗಿ ಒರೆಸಲೂ ಬರುತ್ತದೆ. ಆದರೆ ಆ ಮಾತಿಗೆ 'ಬಿಸಿಲಿದ್ದರೂ ತೊಂದರೆ ಕೊಡುವುದಿಲ್ಲ' ಎಂದಷ್ಟೇ ಅರ್ಥ, ಬಿಸಿಲಿನಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದಲ್ಲ. ಮೈಸೂರಿನ ಡಿಸೆಂಬರ್ ಬಿಸಿಲಿನಲ್ಲಿ ಬಿಳಿ ಕಾರಿಗೆ ಸರಿಹೋದದ್ದು ಕಲಬುರಗಿಯ ಮೇ ತಿಂಗಳಲ್ಲಿ ಕಪ್ಪು ಕಾರಿಗೆ ಸರಿಹೋಗಬೇಕೆಂದಿಲ್ಲ.

ಬಿಸಿಲಿನಲ್ಲಿ ಮಾಡಲೇಬೇಕಾಗಿ ಬಂದರೆ ಜಾಗ ಚಿಕ್ಕದಿರಲಿ, ಒಂದೂವರೆ ಅಡಿ ಚೌಕದಷ್ಟು. ಮೊದಲು ಒದ್ದೆ ಬಟ್ಟೆ ಹಾಸಿ ತಗಡಿನ ಕಾವು ಇಳಿಸಿ, ಒರೆಸಿ, ಕಡಲೆಕಾಳಿನಷ್ಟು ಪಾಲಿಷ್ ಮೂರು ಕಡೆ ಇಟ್ಟು ಉಜ್ಜಿ, ಆರಲು ಬಿಡದೆ ಆಗಲೇ ತೆಗೆಯಿರಿ. ಎಣ್ಣೆ ಹೆಚ್ಚಿದ್ದಷ್ಟೂ ಮುಚ್ಚುವ ಗುಣವೂ ಹೆಚ್ಚು ಎನ್ನುವುದು ನೆನಪಿರಲಿ. ಮುಗಿದ ಮೇಲೆ ಆಲ್ಕೋಹಾಲ್ ಹಾಕಿ ಒರೆಸದೆ ಫಲಿತಾಂಶ ನಂಬಬೇಡಿ.

ಹಾಗಾದ್ರೆ ಬಿಸಿಲಿಂದ ಉಪಯೋಗವೇ ಇಲ್ವಾ?

ದೊಡ್ಡ ಉಪಯೋಗವಿದೆ. ಕೆಲಸ ನೆರಳಿನಲ್ಲಿ, ಪರೀಕ್ಷೆ ಬಿಸಿಲಿನಲ್ಲಿ. ಟ್ಯೂಬ್‌ಲೈಟ್ ಕೆಳಗೆ ಎಂಥ ಕಾರೂ ಚೆನ್ನಾಗಿ ಕಾಣುತ್ತದೆ. ಒಂದು ಡೋರ್ ಮುಗಿಸಿದ ಮೇಲೆ ಕಾರನ್ನು ಹೊರಗೆ ತಂದು ಸೂರ್ಯನಿಗೆ ಒಡ್ಡಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಬಿಸಿಲಲ್ಲಿ ಹಚ್ಚಿ ಒಣಗಿ ಕೂತುಬಿಟ್ಟಿದೆ. ಒರೆಸಿದ್ರೂ ಬರ್ತಿಲ್ಲ, ಏನ್ಮಾಡ್ಲಿ?

ಉಜ್ಜುವುದನ್ನು ಈಗಲೇ ನಿಲ್ಲಿಸಿ. ಕಾರನ್ನು ನೆರಳಿಗೆ ತಂದು ಆರಲು ಬಿಡಿ. ಅದೇ ಪಾಲಿಷ್‌ನ ತೆಳು ಲೇಪ ಮೇಲೆ ಹಚ್ಚಿದರೆ ಹಳೆಯದು ನೆನೆದು ಸಡಿಲವಾಗುತ್ತದೆ, ತಕ್ಷಣ ಒರೆಸಿ. ಪ್ಲಾಸ್ಟಿಕ್‌ಗೆ ಹಿಡಿದ ಬಿಳಿ ಕಲೆಗೆ ಮೆದು ಬ್ರಷ್, ಶಾಂಪೂ ನೀರು, ತಾಳ್ಮೆ. ಮುಂದಿನ ಸಲ ಪ್ಲಾಸ್ಟಿಕ್ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ.

ಬೋರ್ ನೀರಲ್ಲಿ ತೊಳೆದು ಬಿಸಿಲಿಗೆ ನಿಲ್ಸಿದ್ದೆ, ಬಿಳಿ ಚುಕ್ಕೆ ಬಿದ್ದಿದೆ. ಪಾಲಿಷ್‌ಗೆ ಹೋಗುತ್ತಾ?

ಬೆಂಗಳೂರಿನ ಎಷ್ಟೋ ಬಡಾವಣೆಗಳ ಗೋಳಿದು. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಆರಿದ ಜಾಗದಲ್ಲೇ ಉಳಿಯುತ್ತವೆ. ಹೊಸ ಚುಕ್ಕೆಯಾದರೆ ಬಿಳಿ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ, ತಣ್ಣಗಿರುವ ತಗಡಿನ ಮೇಲೆ ಒಂದೆರಡು ನಿಮಿಷ ಒದ್ದೆ ಬಟ್ಟೆಯಲ್ಲಿ ಇಟ್ಟು, ತೊಳೆಯಿರಿ. ಹೋಗದೆ ಚುಕ್ಕೆಯ ಅಂಚು ಉಂಗುರದಂತೆ ಉಳಿದರೆ ಅದು ಕ್ಲಿಯರ್ ಕೋಟನ್ನು ತಿಂದಿದೆ, ಅದಕ್ಕೆ ಉಜ್ಜುವ ಪಾಲಿಷ್ ಬೇಕು. ಲವಣ ತೆಗೆಯದೆ ಮೇಲೆ ಪಾಲಿಷ್ ಹಾಕಿದರೆ ಆ ಗಟ್ಟಿ ಕಣಗಳೇ ಬಣ್ಣ ಗೀಚುತ್ತವೆ.

## ಸ್ವತಃ ಮಾಡುವವರಿಗೆ, ಆಳಕ್ಕೆ ಇಳಿಯುವವರಿಗೆ

ಮೆಷಿನ್ ಬೇಕೇಬೇಕಾ? ಕೈಯಲ್ಲಿ ಉಜ್ಜಿದ್ರೆ ಸಾಲ್ದಾ?

ಡೋರ್ ಹಿಡಿಯ ಹಿಂದಿನ ಉಗುರು ಗೀರಿಗೆ, ಅಂಗೈಯಗಲದ ಕಲೆಗೆ ಕೈ ಸಾಕು. ಇಡೀ ಬಾನೆಟ್‌ನ ಸ್ವರ್ಲ್ ಕೈಯಲ್ಲಿ ತೆಗೆಯುವುದು ಕಷ್ಟ. ಒತ್ತಡ ಒಂದೇ ಸಮ ಇರುವುದಿಲ್ಲ, ಕೊನೆಗೆ ಮುಚ್ಚಿದ್ದೇ ಹೆಚ್ಚಾಗಿರುತ್ತದೆ. ಹೊಸಬರಿಗೆ ಡ್ಯುಯಲ್ ಆಕ್ಷನ್ ಮೆಷಿನ್ ಒಳ್ಳೆಯದು. ಅದರ ಪ್ಯಾಡ್ ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಕಡೆ ಬಿಸಿ ಕೂಡುವುದಿಲ್ಲ. ಶುರುವಿಗೆ ಅತಿ ಮೆದುವಾದ ಪ್ಯಾಡ್, ಅತಿ ನುಣುಪಿನ ಪಾಲಿಷ್ ಹಾಕಿ ಒಂದು ಚೌಕದಲ್ಲಿ ಪರೀಕ್ಷಿಸಿ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಿ. ಉಗುರು ಎಳೆದಾಗ ತಡೆಯುವ ಗೀರನ್ನು ಬೆನ್ನಟ್ಟಬೇಡಿ, ಅದು ಪಾಲಿಷ್‌ನ ಕೈಗೆ ಮೀರಿದ್ದು.

ಎಷ್ಟು ಸಲ ಪಾಲಿಷ್ ಮಾಡಿಸಬಹುದು? ಪ್ರತಿ ಸರ್ವೀಸಲ್ಲೂ ಮಾಡಿಸಿ ಅಂತಾರೆ.

ಕಂಪನಿಯಿಂದ ಬರುವ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ನುಣುಪು ಪಾಲಿಷ್ ಒಂದು ಸುತ್ತಿಗೆ ಒಂದೆರಡು ಮೈಕ್ರಾನ್ ತೆಗೆಯುತ್ತದೆ, ಉಣ್ಣೆ ಪ್ಯಾಡ್‌ನಲ್ಲಿ ಕಾಂಪೌಂಡ್ ಅದಕ್ಕಿಂತ ಹೆಚ್ಚು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ಪದಾರ್ಥ ಇರುವುದೂ ಆ ಕ್ಲಿಯರ್ ಕೋಟ್‌ನಲ್ಲೇ. ಅದು ಸವೆದ ಕಾರುಗಳನ್ನು ನೀವು ನೋಡಿರುತ್ತೀರಿ: ಟಾಪ್ ಮತ್ತು ಬಾನೆಟ್ ಮೇಲೆ ಬಿಳಿ ಚಕ್ಕೆ ಎದ್ದು ಸುಲಿಯುತ್ತಿರುತ್ತದೆ. ಅದಕ್ಕೆ ಯಾವ ಪಾಲಿಷೂ ಇಲ್ಲ, ಬಣ್ಣವನ್ನೇ ಹೊಡೆಸಬೇಕು. ಪ್ರತಿ ಸರ್ವೀಸಿಗೂ ರಬ್ಬಿಂಗ್ ಎಂದರೆ ದಯವಿಟ್ಟು ಬೇಡ ಎನ್ನಿ. ಸರಿಯಾಗಿ ಒಂದು ಸಲ ಮಾಡಿ, ತೊಳೆಯುವ ಕ್ರಮ ಬದಲಿಸಿಕೊಂಡರೆ ವರ್ಷಗಟ್ಟಲೆ ಮತ್ತೆ ಬೇಕಾಗುವುದಿಲ್ಲ.

ಬಫಿಂಗ್ ಮಾಡಿಸಿದ ಮೇಲೆ ಹಳೇ ಗೀರು ಹೋಯ್ತು, ಆದ್ರೆ ಬಿಸಿಲಲ್ಲಿ ನೆರಳು ತೇಲೋ ಥರ ಪಟ್ಟೆ ಕಾಣುತ್ತೆ.

ಇದಕ್ಕೆ ಹಾಲೋಗ್ರಾಂ ಎನ್ನುತ್ತಾರೆ. ಅಲುಗಾಡದೆ ಬರೀ ಸುತ್ತುವ ರೋಟರಿ ಮೆಷಿನ್‌ಗೆ ಉಣ್ಣೆ ಪ್ಯಾಡ್ ಹಾಕಿ ಕಾಂಪೌಂಡ್ ಉಜ್ಜಿ, ಮುಂದಿನ ನುಣುಪಿನ ಹಂತ ಮಾಡದೆ ಗ್ಲೇಜ್ ಹಚ್ಚಿ ಕೊಟ್ಟಿರುತ್ತಾರೆ. ಕೊಡುವ ದಿನ ಚೆನ್ನಾಗಿರುತ್ತದೆ, ಮೂರನೇ ವಾಟರ್ ಸರ್ವೀಸ್‌ಗೆ ಪಟ್ಟೆಗಳು ಮೇಲೇಳುತ್ತವೆ. ಮೆದು ಫೋಮ್ ಪ್ಯಾಡ್ ಮತ್ತು ನುಣುಪು ಪಾಲಿಷ್‌ನಿಂದ ಡ್ಯುಯಲ್ ಆಕ್ಷನ್ ಮೆಷಿನ್‌ನಲ್ಲಿ ಒಂದು ಸುತ್ತು ಹಾಕಿದರೆ ಬಹುಪಾಲು ಹೋಗುತ್ತದೆ.

ಟೂತ್‌ಪೇಸ್ಟ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ? ಯೂಟ್ಯೂಬಲ್ಲಿ ತೋರಿಸ್ತಾರೆ.

ಟೂತ್‌ಪೇಸ್ಟ್ ಉಜ್ಜುತ್ತದೆ, ಆದರೆ ಅದರ ಪುಡಿ ಬಣ್ಣಕ್ಕೆಂದು ಮಾಡಿದ್ದಲ್ಲ. ಮಂಕು ತೇಪೆ ಉಳಿಯುತ್ತದೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಗೀರನ್ನು ತುಂಬಿ ಒಂದು ದಿನ ಹೊಳೆಯುತ್ತವೆ, ಆಮೇಲೆ ಧೂಳನ್ನೆಲ್ಲ ಹಿಡಿದುಕೊಳ್ಳುತ್ತವೆ.

ಪ್ಯಾಡ್ ಮೇಲೆ ಕಾರಿನ ಬಣ್ಣವೇ ಬರ್ತಿದೆ. ಹೆದರಬೇಕಾ?

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಬಣ್ಣ ಇರುತ್ತಿತ್ತು. ಅಲ್ಲಿ ಪ್ಯಾಡ್‌ಗೆ ಬಣ್ಣ ಬರುವುದು ಸಹಜ, ಮೇಲಿನ ಸತ್ತ ಪದರ ಹೋಗಿ ಒಳಗಿನ ಕಳೆ ಬರುತ್ತದೆ. ಕ್ಲಿಯರ್ ಕೋಟ್ ಇರುವ ಈಗಿನ ಕಾರಿನಲ್ಲಿ ಬಣ್ಣ ಬಂದರೆ ಕ್ಲಿಯರ್ ಕೋಟ್ ದಾಟಿದ್ದೀರಿ, ಆ ಕ್ಷಣವೇ ಮೆಷಿನ್ ಆಫ್ ಮಾಡಿ. ಇದು ಹೆಚ್ಚಾಗಿ ಆಗುವುದು ಡೋರ್ ಅಂಚು, ಬಾನೆಟ್ ಏಣುಗಳಲ್ಲಿ. ಅಲ್ಲಿ ಬಣ್ಣ ತೆಳುವಾಗಿರುತ್ತದೆ, ಅವಕ್ಕೆ ಮೊದಲೇ ಟೇಪ್ ಹಚ್ಚಿ. ಮ್ಯಾಟ್ ಬಣ್ಣದ ಕಾರಿಗಂತೂ ಯಾವ ಪಾಲಿಷೂ ಮುಟ್ಟಿಸಬಾರದು, ಹೊಳೆದ ತೇಪೆ ಮತ್ತೆ ಮ್ಯಾಟ್ ಆಗುವುದಿಲ್ಲ.

ಸಿರಾಮಿಕ್ ಕೋಟಿಂಗ್ ಹಾಕಿಸಿದ್ರೆ ಸ್ವರ್ಲ್ ಎಲ್ಲಾ ಮುಚ್ಚಿಹೋಗುತ್ತಂತೆ?

ಇಲ್ಲ. ಅದು ತೀರ ತೆಳುವಾದ, ಪಾರದರ್ಶಕ ಪದರ. ಕೆಳಗೆ ಗೀರಿದ್ದರೆ ಗೀರಿನ ಮೇಲೆಯೇ ಕೂರುತ್ತದೆ, ಆಮೇಲೆ ಗೀರು ತೆಗೆಯಬೇಕೆಂದರೆ ಕೋಟಿಂಗ್ ಕೆರೆದೇ ತೆಗೆಯಬೇಕು. ಗ್ಲೇಜ್‌ನಿಂದ ಮುಚ್ಚಿ ಅದರ ಮೇಲೆ ಕೋಟಿಂಗ್ ಹಾಕಿದರೆ ಎಣ್ಣೆಯ ಮೇಲೆ ಅದು ಹಿಡಿಯುವುದೂ ಇಲ್ಲ. ಕೋಟಿಂಗ್ ಹಾಕುವ ಮುನ್ನ ಆಲ್ಕೋಹಾಲ್‌ನಿಂದ ಒರೆಸಿದ ಕಾರನ್ನು ನಿಮಗೆ ತೋರಿಸಬೇಕೆಂದು ಮೊದಲೇ ಹೇಳಿಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗ್ತಿದ್ದೀನಿ. ಪಾಲಿಷ್ ಹಾಕಿ ಮುಚ್ಚಿದ್ದರೆ ಕಂಡುಹಿಡಿಯೋದು ಹೇಗೆ?

ಮಾರುವ ಮುಂಚೆ ಗ್ಲೇಜ್ ಹಚ್ಚುವುದು ಮಾಮೂಲಿ, ಅದಕ್ಕೆ ಬೇಜಾರಾಗಬೇಕಿಲ್ಲ. ಸ್ವರ್ಲ್ ಇದ್ದ ಕಾರು ಕೆಟ್ಟ ಕಾರೂ ಅಲ್ಲ. ನೀವು ನೋಡಬೇಕಾದದ್ದು ಕ್ಲಿಯರ್ ಕೋಟ್ ಎಷ್ಟು ಉಳಿದಿದೆ, ಯಾವ ಭಾಗಕ್ಕೆ ಮರುಬಣ್ಣ ಆಗಿದೆ ಎನ್ನುವುದು. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಪ್ರತಿ ಭಾಗವನ್ನೂ ಅಳೆಯಿರಿ. ಉಳಿದೆಲ್ಲ ಕಡೆ 120 ಮೈಕ್ರಾನ್ ಆಸುಪಾಸಿದ್ದು ಒಂದು ಡೋರ್ ಮಾತ್ರ 300 ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರ ದಾಟಿದರೆ ಒಳಗೆ ತಗ್ಗು ತುಂಬುವ ಪುಟ್ಟಿ ಇದೆ. ಒಂದು ಭಾಗ ಮಾತ್ರ ಉಳಿದವಕ್ಕಿಂತ ತೀರ ಕಡಿಮೆ ತೋರಿಸಿದರೆ ಅಲ್ಲಿ ಬಹಳ ಸಲ ಉಜ್ಜಿರಬಹುದು. ಮೀಟರ್ ಇಲ್ಲದಿದ್ದರೆ ಬೇಸ್‌ಮೆಂಟಿನಲ್ಲಿ, ಸಂಜೆಗತ್ತಲಲ್ಲಿ ನೋಡಲು ಒಪ್ಪಬೇಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ, ಕಾರನ್ನು ರಸ್ತೆಗೆ ತರಿಸಿ, ಸೂರ್ಯ ಬಾನೆಟ್ ಮೇಲೆ ಬೀಳುವ ಹಾಗೆ ನಿಲ್ಲಿಸಲು ಹೇಳಿ, ಒಂದು ಸುತ್ತು ನಿಧಾನಕ್ಕೆ ನಡೆದು ನೋಡಿ.